ಚೆಂಡಾಟ ಕಲಿಸುವ ಬಗೆ

(ಜನಕಪುರಿಯಲ್ಲಿ ರಾಜ್ಯೋತ್ಸವದ ಅಂಗವಾಗಿ ಸೇರಿದ್ದ ಕನ್ನಡ ಕುಟುಂಬಗಳ ಮುಂದೆ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ನಾಡಿನ ಹಿರಿಮೆಯನ್ನೋ ನುಡಿಯ ಸೊಬಗನ್ನೋ ಕುರಿತು ಮಾತನಾಡುವುದು ವಾಡಿಕೆ. ಕಾರ್ಯದರ್ಶಿಗಳು ಬಂದು ವಿಷಯ ಯಾವುದೆಂದು ಕೇಳಿದಾಗ ನಾವು ಚೆಂಡಾಟವೆಂದೆವು. ಅವರು ಬರೆದುಕೊಳ್ಳುತ್ತಿದ್ದ ಲೇಖನಿಯನ್ನು ನಿಲ್ಲಿಸಿ, “ಚೆಂಡಾಟವೇ?” ಎಂದು ಇನ್ನೊಮ್ಮೆ ಕೇಳಿದರು. ಹೌದು, ಚೆಂಡಾಟವೇ. ಚೆಂಡನ್ನು ಎಸೆಯುವುದು, ಹಿಡಿಯುವುದು, ಒದೆಯುವುದು. ಇವನ್ನು ನಾಲ್ಕರಿಂದ ಒಂಬತ್ತು ವರ್ಷದ ಮಕ್ಕಳಿಗೆ ಕಲಿಸುವ ಬಗೆ ಹೇಗೆ ಎಂಬುದಿಷ್ಟೇ ನಮ್ಮ ಮಾತು.

‘ನಾವು’ ಎಂದರೆ ನಾಲ್ವರು. ಇಬ್ಬರು ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು, ಒಬ್ಬರು ಬ್ಯಾಂಕಿನವರು, ಇನ್ನೊಬ್ಬರು ಶಾಲೆಯಲ್ಲಿ ಗಣಿತ ಹೇಳುವ ತಾಯಿ. ಭಾನುವಾರ ಬೆಳಗ್ಗೆ ಹತ್ತು ಹನ್ನೆರಡು ಮಕ್ಕಳನ್ನು ಮನೆಯ ಹತ್ತಿರದ ಉದ್ಯಾನದಲ್ಲಿ ಆಡಿಸುತ್ತ ಬಂದಿದ್ದೇವೆ. ನಮ್ಮಲ್ಲಿ ಕ್ರೀಡಾಪಟುಗಳು ಯಾರೂ ಇಲ್ಲ. ಮಾಡಿದ ತಪ್ಪುಗಳಿಂದ ಕಲಿತದ್ದೇ ಹೆಚ್ಚು. ಅದನ್ನೇ ತಮ್ಮ ಮುಂದಿಡುತ್ತೇವೆ.

ಚೆಂಡು ಅಲ್ಪ ವಸ್ತುವೆಂದು ತಿಳಿಯಬಾರದು. ಕೌರವ ಪಾಂಡವರು ಬಾಲಕರಾಗಿದ್ದಾಗ ಆಡುತ್ತಿದ್ದ ಚೆಂಡು ಬಾವಿಗೆ ಬಿದ್ದಿತೆಂದೂ, ಅದನ್ನು ತೆಗೆದುಕೊಟ್ಟ ಬಡ ಬ್ರಾಹ್ಮಣನೇ ದ್ರೋಣನೆಂದೂ ನಾವೆಲ್ಲ ಹರಿಕಥೆಯಲ್ಲಿ ಕೇಳಿದ್ದೇವೆ. ಹುಡುಗರ ಆಟದಿಂದಲೇ ಹಸ್ತಿನಾವತಿಗೆ ಒಬ್ಬ ಗುರು ದೊರೆತ. ಇನ್ನೊಂದು ಚೆಂಡು ಯಮುನೆಯ ಮಡುವಿಗೆ ಬಿತ್ತು. ಅದರ ಹಿಂದೆಯೇ ಬಾಲಕೃಷ್ಣ ಧುಮುಕಿ ಕಾಳಿಂಗನ ಹೆಡೆ ತುಳಿದನೆಂದು ಜನಪದರ ಕಥೆ. ಆ ಯಮುನೆ ನಮ್ಮ ಈ ದೆಹಲಿಯಲ್ಲೇ ಹರಿಯುತ್ತಾಳೆ. ಈ ಊರಿಗೂ ಚೆಂಡಿಗೂ ಹಳೆಯ ನಂಟು ಉಂಟು.

ನಮ್ಮ ಬಾಲ್ಯದಲ್ಲಿ ಚೆಂಡಾಟವನ್ನು ಕಲಿಸುವವರು ಯಾರೂ ಇರಲಿಲ್ಲ. ಹಳೆಯ ಬಟ್ಟೆಯ ಚೂರುಗಳನ್ನು ಉಂಡೆಮಾಡಿ ಹುರಿಯಿಂದ ಬಿಗಿದರೆ ಚೆಂಡು. ಒಡೆದ ಹೆಂಚಿನ ಬಿಲ್ಲೆಗಳನ್ನು ಏಳರಂತೆ ಪೇರಿಸಿದರೆ ಲಗೋರಿ. ಅಣ್ಣಂದಿರು ಆಡುತ್ತಿದ್ದಾಗ ತಮ್ಮಂದಿರು ಮೊದಲು ಚೆಂಡು ಹೆಕ್ಕಿ ಕೊಡುತ್ತಿದ್ದರು, ಆಮೇಲೆ ‘ಉಪ್ಪಿಗಿಲ್ಲ ಸೊಪ್ಪಿಗಿಲ್ಲ’ ಎಂದು ಲೆಕ್ಕಕ್ಕೆ ಸೇರದೆ ಆಡುತ್ತಿದ್ದರು, ಮುಂದಿನ ವರ್ಷ ಲೆಕ್ಕಕ್ಕೆ ಸೇರುತ್ತಿದ್ದರು. ಹೀಗೆ ಯಾರೂ ಎಣಿಸದೆಯೇ ಸಾವಿರಗಟ್ಟಲೆ ಸಲ ಚೆಂಡು ಕೈಗೆ ಬರುತ್ತಿತ್ತು, ಕೈಬಿಡುತ್ತಿತ್ತು. ಯಾವಾಗ ಕಲಿತೆವೆಂದು ಕೇಳಿದರೆ ನಮಗೇ ಗೊತ್ತಿಲ್ಲ.

ಜನಕಪುರಿಯ ಮಗುವಿಗೆ ಆ ಅನುಕೂಲವಿಲ್ಲ. ಹಿತ್ತಿಲಿಲ್ಲ, ಜಗಲಿಯಿಲ್ಲ. ಬೀದಿಯ ಎರಡು ಬದಿಯಲ್ಲೂ ಕಾರುಗಳು ಸಾಲಾಗಿ ನಿಂತಿವೆ; ಚೆಂಡು ತಗುಲಿದರೆ ಜಗಳ. ಉದ್ಯಾನಗಳುಂಟು, ನಿಜ, ಆದರೆ ಅನೇಕ ಕಡೆ ಬಾಗಿಲಲ್ಲೇ ‘ಚೆಂಡಾಟ ನಿಷಿದ್ಧ’ ಎಂಬ ಹಲಗೆ. ಶಾಲೆಯ ಬಸ್ಸು ಮಗುವನ್ನು ಮನೆಗೆ ತಂದುಬಿಡುವ ಹೊತ್ತಿಗೆ ಮಗು ಬಾಡಿರುತ್ತದೆ, ಮನೆಪಾಠ ಕಾದಿರುತ್ತದೆ, ಅದೂ ಮುಗಿದರೆ ಮೊಬೈಲು ಕೈಗೆ ಬರುತ್ತದೆ. ಇನ್ನು ನವೆಂಬರ ಬಂತೆಂದರೆ ಹೊಗೆ. ೨೦೨೪ರ ನವೆಂಬರದಲ್ಲಿ ಗಾಳಿ ಕೆಟ್ಟು ತರಗತಿಗಳೇ ಮನೆಯಿಂದ ನಡೆದುದು ತಮಗೆಲ್ಲ ನೆನಪಿದೆ. ಹೀಗಾಗಿ ತಾನಾಗಿ ಬರುತ್ತಿದ್ದ ವಿದ್ಯೆಯನ್ನು ನಾವು ಕೂತು ಕಲಿಸಬೇಕಾದ ಕಾಲ ಬಂದಿದೆ. ಕಲಿಸುವುದೆಂದ ಮೇಲೆ ಕಲಿಸುವ ಬಗೆಯನ್ನು ಹಿರಿಯರಾದ ನಾವೇ ಮೊದಲು ಕಲಿಯಬೇಕಾಯಿತು.

ನಾವು ಕಲಿತದ್ದು ಒಬ್ಬ ಹುಡುಗನಿಂದ. ಆರು ವರ್ಷದವನು. ಚೆಂಡು ಬಂದರೆ ಕೈ ಮುಂದೆ ಚಾಚುತ್ತಿದ್ದ. ಚೆಂಡು ಎದೆಗೆ ತಗುಲಿ ನೆಲಕ್ಕೆ ಬೀಳುತ್ತಿತ್ತು. ನಾವು ನಾಲ್ವರೂ ನಾಲ್ಕು ದಿಕ್ಕಿನಿಂದ ಉಪದೇಶ ಆರಂಭಿಸಿದೆವು. “ಮೊಣಕೈ ಬಗ್ಗಿಸು,” “ಬೆರಳು ಬಿಡಿಸು,” “ಕಾಲು ಅಗಲಿಸು,” “ಹಿಂದೆ ಸರಿಯಬೇಡ.” ಚೆಂಡು ಮತ್ತೂ ಬಿತ್ತು. ನಮ್ಮಲ್ಲೊಬ್ಬರು ನಗೆಗಾಗಿ, “ಏನಪ್ಪಾ, ಬೆಳಗ್ಗೆ ತಿಂದ ಬೆಣ್ಣೆ ಕೈಯಲ್ಲೇ ಉಳಿಯಿತೇ?” ಎಂದರು. ಮಕ್ಕಳೆಲ್ಲ ನಕ್ಕರು. ಅವನೂ ನಕ್ಕ. ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ವಿಚಾರಿಸಲು ಮನೆಗೆ ಹೋದೆವು. ಹುಡುಗ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಧಾರವಾಡದ ಕಡೆಯಿಂದ ಬಂದಿದ್ದ ಅವನ ಅಜ್ಜಿ ನಮ್ಮನ್ನು ಕೂರಿಸಿ ಚಹಾ ಕೊಟ್ಟು, ಬಳಿಕ ಕೇಳಿದರು: “ಅಲ್ರೀ, ಹುಡುಗನ ಕೈಗೆ ಬೈದ್ರ ಏನ್ ಬಂತು? ಚೆಂಡು ಹತ್ರ ಬಂದ ಕೂಡ್ಲೇ ಅವ ಕಣ್ಣು ಮುಚ್ಚತಾನ. ಅದನ್ನ ನಿಮ್ಮೊಳಗ ಯಾರರ ನೋಡೀರೇನು?”

ನಾಲ್ವರಲ್ಲಿ ಒಬ್ಬರೂ ನೋಡಿರಲಿಲ್ಲ. ಎಂಟು ಕಣ್ಣುಗಳಿದ್ದೂ ನಮಗೆ ಕಾಣದ್ದು ಕಟಾಂಜನದ ಆಚೆ ಬೆಂಚಿನ ಮೇಲೆ ಕುಳಿತಿದ್ದ ಅಜ್ಜಿಗೆ ಕಂಡಿತ್ತು. ನಾವು ನೋಡುತ್ತಿದ್ದುದು ಬಿದ್ದ ಚೆಂಡನ್ನು. ಅವರು ನೋಡುತ್ತಿದ್ದುದು ಹುಡುಗನ ಮುಖವನ್ನು. ಈ ಭಾಷಣದಲ್ಲಿ ನಾವು ಹೇಳಬೇಕಾದ ಮಾತೆಲ್ಲ ಈ ಒಂದು ಸಂಗತಿಯಿಂದ ಹುಟ್ಟಿದ್ದು. ಮಗುವಿಗೆ ತಿದ್ದುಪಡಿ ಹೇಳುವ ಮೊದಲು ಮಗುವನ್ನು ನೋಡಬೇಕು.

ಆಮೇಲೆ ನಾವು ಕೆಲವು ಪುಸ್ತಕಗಳನ್ನು ತಿರುವಿ ನೋಡಿದೆವು. ಆ ಹುಡುಗನದು ದೋಷವೇ ಅಲ್ಲ, ಬೆಳವಣಿಗೆಯ ಒಂದು ಮೆಟ್ಟಿಲು ಎಂದು ತಿಳಿಯಿತು. ಮೂರು ವರ್ಷದ ಮಗು ಕೈಗಳನ್ನು ಕಟ್ಟಿಗೆಯಂತೆ ಚಾಚಿ, ಚೆಂಡು ಬಂದಾಗ ಎದೆಗೆ ಅವುಚಿಕೊಳ್ಳುತ್ತದೆ. ನಾಲ್ಕೈದರ ಹೊತ್ತಿಗೆ ಚೆಂಡು ತನ್ನತ್ತ ಬರುತ್ತಿದೆಯೆಂಬ ಅರಿವು ಬಲಿಯುತ್ತದೆ, ಅದರೊಡನೆ ಭಯವೂ ಬರುತ್ತದೆ. ಮುಖ ಹೊರಳಿಸುವುದು, ಕಣ್ಣು ಮುಚ್ಚುವುದು ಆಗಲೇ. ಆರು ಏಳರ ಹೊತ್ತಿಗೆ ಅನೇಕ ಮಕ್ಕಳು ದೊಡ್ಡ ಚೆಂಡನ್ನು ಕೈಗಳಿಂದಲೇ ಹಿಡಿಯಬಲ್ಲರು. ಚಿಕ್ಕ ಚೆಂಡು, ವೇಗದ ಚೆಂಡು, ಪಕ್ಕಕ್ಕೆ ಬಂದ ಚೆಂಡು, ಇವೆಲ್ಲ ಇನ್ನೂ ತಡ. ಮಗುವಿನಿಂದ ಮಗುವಿಗೆ ಒಂದೆರಡು ವರ್ಷದ ಹೆಚ್ಚು ಕಡಮೆ ಇದ್ದೇ ಇರುತ್ತದೆ.

ಎಸೆಯುವುದರಲ್ಲಿಯೂ ಹೀಗೆಯೇ. ಅಮೆರಿಕದಲ್ಲಿ ಮೋನಿಕಾ ವೈಲ್ಡ್ ಎಂಬಾಕೆ ಮಕ್ಕಳ ಎಸೆತವನ್ನು ಪರೀಕ್ಷಿಸಿ ೧೯೩೮ರಲ್ಲಿಯೇ ಅದರ ಹಂತಗಳನ್ನು ಬರೆದಿಟ್ಟಿದ್ದಾರೆ. ಎಳೆಯ ಮಗು ಕಾಲು ಕದಲಿಸದೆ ತೋಳಿನಿಂದಲೇ ಎಸೆಯುತ್ತದೆ. ಆಮೇಲೆ ಬಲಗೈಯಿಂದ ಎಸೆಯುವಾಗ ಬಲಗಾಲನ್ನೇ ಮುಂದಿಡುತ್ತದೆ. ಕೊನೆಗೆ ಬಲಗೈಗೆ ಎಡಗಾಲು ಜೊತೆಯಾಗಿ, ಸೊಂಟ ತಿರುಗಿ, ಇಡೀ ಮೈಯೇ ಎಸೆಯತೊಡಗುತ್ತದೆ. ಮೆಟ್ಟಿಲು ಏರುವ ಮಗುವನ್ನು ನೋಡಿ, ಏಕೆ ಇನ್ನೂ ಅಟ್ಟ ಮುಟ್ಟಲಿಲ್ಲವೆಂದು ಗದರಿಸುವುದು ನ್ಯಾಯವೇ?

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು, ಚೆಂಡನ್ನು ಬದಲಾಯಿಸುವುದು. ಕಣ್ಣು ಮುಚ್ಚುವ ಮಗುವಿಗೆ “ಕಣ್ಣು ಬಿಡು” ಎಂದರೆ ಬಿಡದು. ಹೆದರಿಕೆಯಿಲ್ಲದ ಚೆಂಡು ಕೊಟ್ಟರೆ ಕಣ್ಣು ತಾನೇ ತೆರೆಯುತ್ತದೆ. ಹುಟ್ಟುಹಬ್ಬದ ಬಲೂನು ಎಲ್ಲಕ್ಕಿಂತ ಒಳ್ಳೆಯ ಮೊದಲ ಚೆಂಡು: ನಿಧಾನವಾಗಿ ಇಳಿಯುತ್ತದೆ, ತಗುಲಿದರೆ ನೋಯುವುದಿಲ್ಲ, ಓಡಿ ಹಿಡಿಯಲು ಸಮಯ ಕೊಡುತ್ತದೆ. ಆಮೇಲೆ ಹಳೆಯ ಕಾಲುಚೀಲಗಳನ್ನು ಒಂದರೊಳಗೊಂದು ತುರುಕಿದ ಬಟ್ಟೆಯ ಚೆಂಡು. ಅನಂತರ ಗಾಳಿ ಸ್ವಲ್ಪ ಕಡಮೆ ತುಂಬಿದ ದೊಡ್ಡ ರಬ್ಬರು ಚೆಂಡು. ಟೆನ್ನಿಸ್ ಚೆಂಡು ಅದರ ಮೇಲೆ. ತೊಗಲಿನ ಗಟ್ಟಿ ಚೆಂಡಿಗೆ ಇನ್ನೂ ಬಹಳ ವರ್ಷ ಕಾಯಬಹುದು. ದೂರವೂ ಹಾಗೆಯೇ: ಮೊದಲು ಮೂರು ಹೆಜ್ಜೆ, ಆಮೇಲೆ ಐದು.

ನಮ್ಮ ನೆರೆಯ ವಿಕಾಸಪುರಿಯಲ್ಲಿ ಎ. ಎನ್. ಶರ್ಮಾ ಎಂಬ ಗುರುಗಳ ಬಳಿ ನಜಫ್‌ಗಢದ ಹುಡುಗ ವೀರೇಂದ್ರ ಸೆಹ್ವಾಗ್ ಕಲಿತ. ಪಶ್ಚಿಮ ವಿಹಾರದ ಹುಡುಗ ವಿರಾಟ್ ಕೊಹ್ಲಿ ರಾಜಕುಮಾರ್ ಶರ್ಮಾ ಅವರ ಬಳಿ ಕಲಿತ. ಹೀಗಿರುವಲ್ಲಿ ಪಶ್ಚಿಮ ದೆಹಲಿಯ ತಂದೆತಾಯಿಗಳು ಐದು ವರ್ಷದ ಮಗುವಿಗೇ ಪ್ಯಾಡು ಕಟ್ಟಿಸಿ ಅಕಾಡೆಮಿಗೆ ಕಳುಹಿಸಲು ಆತುರಪಡುವುದು ಸಹಜ. ಕಳುಹಿಸಬಾರದೆಂದು ನಮ್ಮ ಮಾತಲ್ಲ. ಅದಕ್ಕೆ ಮೊದಲು ಮನೆಯಲ್ಲಿ ಬಲೂನು, ಬಟ್ಟೆಯ ಚೆಂಡು ಆಗಲಿ ಎಂದಷ್ಟೇ ಅರಿಕೆ. ಇನ್ನೊಂದು ಮಾತು. ಮೆತ್ತನೆಯ ಚೆಂಡನ್ನೂ ಮಗು ಮೇಲಿಂದ ಮೇಲೆ ತಪ್ಪಿಸುತ್ತಿದ್ದರೆ ಒಮ್ಮೆ ನೇತ್ರವೈದ್ಯರಿಗೆ ತೋರಿಸಿರಿ. ಕಪ್ಪುಹಲಗೆ ಮಸುಕಾಗಿ ಕಾಣುವ ಮಗು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ; ಎಲ್ಲರಿಗೂ ಹಾಗೆಯೇ ಕಾಣುತ್ತದೆಂದು ಅದು ತಿಳಿದಿರುತ್ತದೆ.

ಎರಡನೆಯದು, ಅಭ್ಯಾಸ. ಅರ್ಜುನನು ಒಂದು ರಾತ್ರಿ ಊಟ ಮಾಡುತ್ತಿದ್ದಾಗ ಗಾಳಿಗೆ ದೀಪ ಆರಿತಂತೆ. ಕತ್ತಲಲ್ಲಿಯೂ ಕೈ ತಪ್ಪದೆ ಬಾಯಿಗೇ ಹೋದುದನ್ನು ಕಂಡು, ಇದು ಅಭ್ಯಾಸದ ಫಲವೆಂದು ತಿಳಿದು, ಅವನು ಇರುಳಿನಲ್ಲಿಯೂ ಬಿಲ್ಲು ಹಿಡಿದನು. ಅಭ್ಯಾಸದ ಮಹಿಮೆಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರುಂಟೇ? ಆದರೆ ಊಟದ ಅಭ್ಯಾಸ ಒಂದೇ ದಿನ ಮೂರು ತಾಸು ತಿಂದು ಬಂದದ್ದಲ್ಲ. ದಿನದಿನವೂ ತುತ್ತು ತುತ್ತಾಗಿ ಬಂದದ್ದು. ಮಗುವಿಗೂ ಭಾನುವಾರ ಎರಡು ಗಂಟೆಗಿಂತ ದಿನಕ್ಕೆ ಹತ್ತು ನಿಮಿಷ ಮೇಲು. ಬೇಸರ ಬರುವ ಮೊದಲೇ ನಿಲ್ಲಿಸಬೇಕು. “ಇನ್ನೊಂದು ಸಲ” ಎಂದು ಮಗು ಕೇಳುವಾಗ ಎದ್ದು ಬಂದರೆ ನಾಳೆ ಅದೇ ನಮ್ಮ ಕೈ ಹಿಡಿದು ಎಳೆಯುತ್ತದೆ.

ಇನ್ನೊಂದು ಸ್ವಾರಸ್ಯವುಂಟು. ೧೯೭೮ರಲ್ಲಿ ಕೆರ್ ಮತ್ತು ಬೂತ್ ಎಂಬ ಇಬ್ಬರು ಎಂಟು ವರ್ಷದ ಮಕ್ಕಳಿಂದ ಕಾಳು ತುಂಬಿದ ಚಿಕ್ಕ ಚೀಲಗಳನ್ನು ಗುರಿಗೆ ಎಸೆಯಿಸಿದರು. ಒಂದು ಗುಂಪು ಮೂರಡಿಯ ಗುರಿಗೇ ಎಸೆದು ಎಸೆದು ಅಭ್ಯಾಸ ಮಾಡಿತು. ಇನ್ನೊಂದು ಗುಂಪು ಎರಡಡಿಗೆ ಒಮ್ಮೆ, ನಾಲ್ಕಡಿಗೆ ಒಮ್ಮೆ ಎಸೆಯಿತು; ಮೂರಡಿಗೆ ಎಸೆಯಲೇ ಇಲ್ಲ. ಕೊನೆಗೆ ಇಬ್ಬರಿಗೂ ಮೂರಡಿಯ ಪರೀಕ್ಷೆ. ಗೆದ್ದವರು ಯಾರು? ಎರಡು ನಾಲ್ಕು ಅಡಿಯವರು! ಒಂದೇ ಅಳತೆಗೆ ಪಳಗಿದ ಕೈಗಿಂತ ಹಲವು ಅಳತೆಗೆ ಹೊಂದಿಕೊಂಡ ಕೈ ಹೆಚ್ಚು ತಿಳಿದಿರುತ್ತದೆ. ನಮ್ಮ ಲಗೋರಿಯಲ್ಲಿ ಆದದ್ದೂ ಇದೇ. ಒಮ್ಮೆ ಬಿಲ್ಲೆಗೆ ಗುರಿ, ಮರುಕ್ಷಣ ಓಡುವವನಿಗೆ ಗುರಿ; ಒಂದು ಎಸೆತದಂತೆ ಇನ್ನೊಂದಿಲ್ಲ. ಇಲ್ಲಿಯ ಮಕ್ಕಳು ಇದೇ ಆಟವನ್ನು ‘ಪಿಟ್ಠೂ’ ಎನ್ನುತ್ತಾರೆ. ಒಂದು ಬೆಳಗ್ಗೆ ನಮ್ಮ ಮಕ್ಕಳು ಲಗೋರಿ ಹೂಡಿದಾಗ ನೆರೆಯ ಪಂಜಾಬಿ ಮಕ್ಕಳು ಏನೂ ಕೇಳದೆಯೇ ಬಂದು ಸೇರಿದರು. ನಿಯಮ ವಿವರಿಸುವ ಕೆಲಸವೇ ಇರಲಿಲ್ಲ.

ಜೊತೆಯಿಲ್ಲದ ಮಗುವಿಗೆ ಗೋಡೆಯೇ ಜೊತೆ. ಆಸ್ಟ್ರೇಲಿಯದ ಬೌರಲ್ ಎಂಬ ಊರಿನಲ್ಲಿ ಡಾನ್ ಬ್ರಾಡ್‌ಮನ್ ಹುಡುಗನಾಗಿದ್ದಾಗ ಮನೆಯ ಹಿಂದಿನ ನೀರಿನ ತೊಟ್ಟಿಯ ಇಟ್ಟಿಗೆಯ ಕಟ್ಟೆಗೆ ಗಾಲ್ಫ್ ಚೆಂಡನ್ನು ಎಸೆದು, ಅದು ಹಿಂದಿರುಗಿದಾಗ ಒಂದು ಸ್ಟಂಪಿನಿಂದ ಹೊಡೆಯುತ್ತಿದ್ದ. ಅವನೇ ಮುಂದೆ ಟೆಸ್ಟ್ ಪಂದ್ಯಗಳಲ್ಲಿ ೯೯.೯೪ರ ಸರಾಸರಿ ಪಡೆದವನು. ಗೋಡೆಯಲ್ಲಿ ಒಂದು ದೊಡ್ಡ ಗುಣವಿದೆ. ಎಸೆದದ್ದು ಸರಿಯಾಗಿದ್ದರೆ ಸರಿಯಾಗಿ ಹಿಂದಿರುಗಿಸುತ್ತದೆ, ಸೊಟ್ಟಗಿದ್ದರೆ ಸೊಟ್ಟಗೆ. ತಕ್ಷಣ ಹೇಳುತ್ತದೆ, ನಿಜವನ್ನೇ ಹೇಳುತ್ತದೆ. ಆದರೆ ಎಂದೂ ಹಂಗಿಸುವುದಿಲ್ಲ.

ಇದರಿಂದ ಮೂರನೆಯ ಮಾತಿಗೆ ಬರುತ್ತೇವೆ, ಅದೇ ಮುಖ್ಯವಾದದ್ದು: ಮಗು ಮಾಡಿದ್ದನ್ನು ಕುರಿತು ನಾವು ಮಗುವಿಗೆ ಹೇಳುವ ಮಾತು. ನಮ್ಮಲ್ಲಿ ಎರಡು ಬಗೆಯ ಹಿರಿಯರಿದ್ದಾರೆ. ಒಂದು ಬಗೆಯವರು ಪ್ರತಿಯೊಂದಕ್ಕೂ ಗದರುವವರು. ಇನ್ನೊಂದು ಬಗೆಯವರು ಚೆಂಡು ಬಿದ್ದರೂ ಹಿಡಿದರೂ “ಭೇಷ್, ಭೇಷ್” ಎನ್ನುವವರು. ಇಬ್ಬರ ಮಾತಿನಿಂದಲೂ ಮಗುವಿಗೆ ಮುಂದಿನ ಚೆಂಡಿಗೆ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ಗದರಿಕೆ ಕೇಳಿದ ಮಗು ನಮ್ಮ ಮುಖವನ್ನು ನೋಡುತ್ತದೆ. ಬರಿಯ ಹೊಗಳಿಕೆ ಕೇಳಿದ ಮಗುವೂ ನಮ್ಮ ಮುಖವನ್ನೇ ನೋಡುತ್ತದೆ. ನೋಡಬೇಕಾದದ್ದು ಚೆಂಡನ್ನು.

ನಾವು ಕಲಿತ ಮೊದಲ ನಿಯಮ: ಒಂದು ಸಲಕ್ಕೆ ಒಂದೇ ಮಾತು. ಮೊಣಕೈ, ಬೆರಳು, ಕಾಲು, ಸೊಂಟ ಎಲ್ಲವನ್ನೂ ಒಟ್ಟಿಗೆ ಹೇಳಿದರೆ ಮಗು ಯಾವುದನ್ನೂ ಮಾಡಲಾರದು. ಎರಡನೆಯ ನಿಯಮ: ಆ ಮಾತು ಮೈಯ ವಿಷಯವಾಗಿರದೆ ಚೆಂಡಿನ ವಿಷಯವೋ ಗುರಿಯ ವಿಷಯವೋ ಆಗಿದ್ದರೆ ಒಳ್ಳೆಯದು. “ಮಣಿಕಟ್ಟನ್ನು ಹೀಗೆ ತಿರುಗಿಸು” ಎಂಬುದಕ್ಕಿಂತ “ಆ ಬಕೆಟ್ಟಿನೊಳಕ್ಕೆ ಬೀಳುವಂತೆ ಎಸೆ” ಎಂಬುದು ಹೆಚ್ಚು ಫಲ ಕೊಡುತ್ತದೆ. ಗೇಬ್ರಿಯಲೆ ವುಲ್ಫ್ ಎಂಬ ವಿದುಷಿಯೂ ಅವರ ಸಂಗಡಿಗರೂ ೧೯೯೮ರಿಂದ ಇದನ್ನು ನಾನಾ ರೀತಿಯಲ್ಲಿ ಪರೀಕ್ಷಿಸಿ ತೋರಿಸಿದ್ದಾರೆ. ಕಣ್ಣು ಮುಚ್ಚುವ ಮಗುವಿಗಾಗಿ ನಮ್ಮ ಗಣಿತದ ತಾಯಿ ಒಂದು ಉಪಾಯ ಹೂಡಿದರು. ಚೆಂಡಿನ ಮೇಲೆ ಕೆಂಪು, ನೀಲಿ ಬಣ್ಣದ ಚುಕ್ಕೆ ಇಟ್ಟು, “ಯಾವ ಬಣ್ಣದ ಚುಕ್ಕೆ ನಿನ್ನ ಕಡೆಗಿದೆ, ಹೇಳು” ಎಂದು ಎಸೆದರು. ಕಣ್ಣು ಬಿಡೆಂದು ಹೇಳಲೇ ಇಲ್ಲ. ಚುಕ್ಕೆ ಹುಡುಕುವ ಮಗು ಕಣ್ಣು ಮುಚ್ಚೀತೇ?

ಮೂರನೆಯ ನಿಯಮ: ಹೇಳುವ ಮೊದಲು ಕೇಳುವುದು. “ಚೆಂಡು ಎಲ್ಲಿ ಬಿತ್ತು? ಹಿಂದೆಯೋ ಮುಂದೆಯೋ? ಇನ್ನೊಂದು ಸಲ ಏನು ಮಾಡುತ್ತೀ?” ಹೀಗೆ ಕೇಳಿದರೆ ಮಗು ತನ್ನ ಕೆಲಸವನ್ನು ತಾನೇ ನೋಡಿಕೊಳ್ಳಲು ಕಲಿಯುತ್ತದೆ. ಸದಾ ನಾವೇ ಹೇಳುತ್ತಿದ್ದರೆ ನಾವಿಲ್ಲದಾಗ ಅದಕ್ಕೆ ಕೈ ಓಡದು. ವಿನ್‌ಸ್ಟೀನ್ ಮತ್ತು ಶ್ಮಿಟ್ ಎಂಬ ಪಂಡಿತರು ದೊಡ್ಡವರ ಮೇಲೆ ನಡೆಸಿ ೧೯೯೦ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪ್ರತಿ ಸಲವೂ ಫಲ ತಿಳಿಸಿದವರಿಗಿಂತ ಅರ್ಧ ಸಲ ಮಾತ್ರ ತಿಳಿಸಿದವರ ಕಲಿಕೆ ಚೆನ್ನಾಗಿ ಉಳಿಯಿತು. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ೨೦೦೮ರಲ್ಲಿ ಕ್ಯಾಥರಿನ್ ಸಲಿವನ್ ಮತ್ತು ಸಂಗಡಿಗರು ಮಕ್ಕಳನ್ನೂ ಸೇರಿಸಿ ಪರೀಕ್ಷಿಸಿದಾಗ, ಮಕ್ಕಳಿಗೆ ಆರಂಭದಲ್ಲಿ ಹೆಚ್ಚು ಸಲ ತಿಳಿಸುವುದೇ ಹಿತವೆಂದು ಕಂಡಿತು. ಆದುದರಿಂದ ಎಳೆಯರಿಗೆ ಮೊದಮೊದಲು ಹತ್ತಿರ ನಿಂತು ಹೇಳಬೇಕು. ಕೈ ಪಳಗಿದಂತೆ ಮಾತನ್ನು ಕಡಮೆ ಮಾಡುತ್ತ ಹೋಗಬೇಕು. ಸೈಕಲ್ ಕಲಿಸುವವರು ಸೀಟಿನಿಂದ ಮೆಲ್ಲನೆ ಕೈ ತೆಗೆಯುವುದಿಲ್ಲವೇ, ಹಾಗೆ.

ದ್ರೋಣನೂ ಕೇಳಿದವನೇ. ಮರದ ಮೇಲಿನ ಹಕ್ಕಿಯನ್ನು ತೋರಿಸಿ, “ಏನು ಕಾಣುತ್ತದೆ?” ಎಂದು ಒಬ್ಬೊಬ್ಬ ಶಿಷ್ಯನನ್ನೂ ಕೇಳಿದ. ಮರ, ಕೊಂಬೆ, ಅಣ್ಣತಮ್ಮಂದಿರು ಎಲ್ಲರೂ ಕಾಣುತ್ತಾರೆ ಎಂದವರನ್ನು ಬಾಣ ಬಿಡಗೊಡದೆ ಪಕ್ಕಕ್ಕೆ ಸರಿಸಿದ. ಅರ್ಜುನನೊಬ್ಬ ಉಳಿದ. ಪ್ರಶ್ನೆ ಬಹಳ ಒಳ್ಳೆಯದು. ಪಕ್ಕಕ್ಕೆ ಸರಿಸಿದ್ದು ನಮಗೆ ಸಲ್ಲದು. ದ್ರೋಣನು ಒಬ್ಬ ಬಿಲ್ಲುಗಾರನನ್ನು ಆರಿಸುತ್ತಿದ್ದ. ನಾವು ಯಾರನ್ನೂ ಆರಿಸುವುದಿಲ್ಲ. ನಮಗೆ ಧರ್ಮರಾಯನೂ ಬೇಕು, ಸಹದೇವನೂ ಬೇಕು. ಆರು ವರ್ಷಕ್ಕೇ ಪಕ್ಕಕ್ಕೆ ಸರಿಸಿಕೊಂಡ ಮಗು ಬಯಲಿಗೆ ಬರುವುದನ್ನೇ ಬಿಟ್ಟುಬಿಡುತ್ತದೆ. ಓಡುವ ಆರೋಗ್ಯ, ಒಡನಾಡುವ ಗೆಳೆತನ, ಸೋತು ನಗುವ ಗುಣ, ಎಲ್ಲವೂ ಆ ಬಯಲಲ್ಲೇ ಉಳಿಯುತ್ತವೆ. ಬಿದ್ದ ಒಂದು ಚೆಂಡಿಗೆ ಅಷ್ಟು ದೊಡ್ಡ ದಂಡವೇ?

ಆರಿಸುವವರು ಎಷ್ಟು ತಪ್ಪಬಹುದೆಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್ ಅವರಿಗೆ ಎಳೆಯ ವಯಸ್ಸಿನಲ್ಲಿ ಪೋಲಿಯೋ ತಗುಲಿ ಬಲಗೈ ಸೊರಗಿತು. ಆ ವಯಸ್ಸಿನಲ್ಲಿ ಯಾರಾದರೂ ಆಟಗಾರರನ್ನು ಆರಿಸಲು ನಿಂತಿದ್ದರೆ ಆ ಹುಡುಗನನ್ನು ಮೊದಲೇ ಬಿಡುತ್ತಿದ್ದರು. ಅದೇ ಬಲಗೈಯಿಂದ ಅವರು ೧೯೭೧ರಲ್ಲಿ ಓವಲ್ ಮೈದಾನದಲ್ಲಿ ೩೮ ಓಟಕ್ಕೆ ೬ ಹುದ್ದರಿ ಕಿತ್ತರು. ಭಾರತವು ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಟೆಸ್ಟ್ ಸರಣಿ ಗೆದ್ದಿತು. ಒಟ್ಟು ೨೪೨ ಹುದ್ದರಿ ಅವರ ಲೆಕ್ಕದಲ್ಲಿವೆ. ಭದ್ರಾವತಿಯ ಜಿ. ಆರ್. ವಿಶ್ವನಾಥ್ ೧೯೬೯ರಲ್ಲಿ ಕಾನಪುರದಲ್ಲಿ ತಮ್ಮ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾದರು. ಎರಡನೆಯ ಸರದಿಯಲ್ಲಿ ೧೩೭ ಹೊಡೆದರು. ಎರಡನೆಯ ಸರದಿ ಎಂಬುದೊಂದು ಇತ್ತಲ್ಲವೇ, ಅದೇ ಮುಖ್ಯ. ನಮ್ಮ ಮಕ್ಕಳಿಗೂ ಎರಡನೆಯ ಸರದಿ ಕೊಡೋಣ.

ಹಿಡಿಯುವುದರಲ್ಲಂತೂ ಕನ್ನಡಿಗರ ಹೆಸರು ದೊಡ್ಡದು. ರಾಹುಲ್ ದ್ರಾವಿಡ್ ೧೬೪ ಟೆಸ್ಟುಗಳಲ್ಲಿ ೨೧೦ ಕ್ಯಾಚು ಹಿಡಿದರು. ವಿಕೆಟ್ ಕೀಪರರನ್ನು ಬಿಟ್ಟರೆ ಅಷ್ಟು ಹಿಡಿದವರು ಅದುವರೆಗೆ ಯಾರೂ ಇರಲಿಲ್ಲ. ೨೦೨೫ರ ಜುಲೈಯಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡಿನ ಜೋ ರೂಟ್ ಆ ದಾಖಲೆಯನ್ನು ದಾಟಿದರು. ದಾಟಿಸಿದ ಆ ೨೧೧ನೆಯ ಕ್ಯಾಚು ಕೊಟ್ಟವರು ಬೆಂಗಳೂರಿನಲ್ಲಿ ಬೆಳೆದ ಕರುಣ್ ನಾಯರ್! ದಾಖಲೆ ಕೈತಪ್ಪಿದರೂ ಸಂಬಂಧ ತಪ್ಪಲಿಲ್ಲವೆಂದು ನಾವು ಸಮಾಧಾನಪಡಬಹುದು.

ಹೆಣ್ಣುಮಕ್ಕಳ ವಿಷಯ ಒಂದು ಮಾತು ಹೇಳದೆ ಮುಗಿಸಲಾರೆವು. ನಮ್ಮ ಗುಂಪಿಗೆ ಮೊದಲು ಬಂದವರೆಲ್ಲ ಗಂಡುಹುಡುಗರು. ತಂಗಿಯರು ನೀರಿನ ಸೀಸೆ ಹಿಡಿದು ಬೆಂಚಿನ ಮೇಲೆ ಕುಳಿತಿರುತ್ತಿದ್ದರು. ‘ಹುಡುಗಿಯರಂತೆ ಎಸೆಯುತ್ತಾನೆ’ ಎಂಬ ಹಾಸ್ಯ ನಮ್ಮ ಬಾಯಲ್ಲೂ ಇತ್ತು. ಎಸೆಯಲು ಚೆಂಡನ್ನೇ ಕೊಡದೆ ಎಸೆಯಲು ಬಾರದೆಂದು ನಗುವುದು ಯಾವ ನೀತಿ? ಭಾರತದ ಮಹಿಳೆಯರ ತಂಡ ೧೯೭೬ರಲ್ಲಿ ಮೊದಲ ಟೆಸ್ಟ್ ಆಡಿದಾಗ ಅದರ ನಾಯಕಿ ನಮ್ಮ ಶಾಂತಾ ರಂಗಸ್ವಾಮಿ. ಅದೇ ವರ್ಷ ಪಟ್ನಾದಲ್ಲಿ ಅವರ ನಾಯಕತ್ವದಲ್ಲಿಯೇ ಮೊದಲ ಗೆಲುವು ಬಂತು. ೨೦೨೫ರ ನವೆಂಬರ ೨ರಂದು, ರಾಜ್ಯೋತ್ಸವದ ಮರುದಿನವೇ, ನಮ್ಮ ಮಹಿಳೆಯರು ನವಿ ಮುಂಬಯಿಯಲ್ಲಿ ವಿಶ್ವಕಪ್ಪು ಗೆದ್ದರು. ಬೆಂಚಿನ ಮೇಲಿನ ಸೀಸೆಗಳು ಬೆಂಚಿನ ಮೇಲೆಯೇ ಇರಲಿ. ಹುಡುಗಿಯರು ಎದ್ದು ಬರಲಿ.

ಹೊಗೆಯ ದಿನಗಳಲ್ಲಿ ಏನು ಮಾಡಬೇಕೆಂದು ತಾವು ಕೇಳಬಹುದು. ಗಾಳಿ ಕೆಟ್ಟ ದಿನ ಬಯಲಲ್ಲಿ ಓಡಿಸಬಾರದು, ಅದರಲ್ಲಿ ರಾಜಿಯಿಲ್ಲ. ಮನೆಯ ನಡುಮನೆಯೇ ಸಾಕು. ಕಾಲುಚೀಲದ ಚೆಂಡನ್ನು ಬಕೆಟ್ಟಿಗೆ ಎಸೆಯುವುದು, ಪ್ರತಿ ಐದು ಎಸೆತಕ್ಕೆ ಬಕೆಟ್ಟನ್ನು ಹಿಂದೆ ಮುಂದೆ ಸರಿಸುವುದು; ಬಲೂನು ನೆಲ ಮುಟ್ಟದಂತೆ ಎಷ್ಟು ಸಲ ತಟ್ಟಬಹುದೆಂದು ಕನ್ನಡದಲ್ಲಿ ಎಣಿಸುವುದು; ಕೂತಲ್ಲಿಂದಲೇ ಚೆಂಡು ಉರುಳಿಸಿ ಎರಡು ಪುಸ್ತಕಗಳ ನಡುವೆ ಹಾಯಿಸುವುದು. ಗಾಜಿನ ಸಾಮಾನು ಮೇಲಿಟ್ಟರಾಯಿತು. ಅಜ್ಜ ಅಜ್ಜಿಯರು ಚಳಿಗಾಲ ಕಳೆಯಲು ಊರಿನಿಂದ ಬಂದಿದ್ದರೆ ಅವರಿಗೂ ಕೆಲಸ ಸಿಕ್ಕಿತು, ಮಗುವಿಗೂ ಜೊತೆ ಸಿಕ್ಕಿತು.

ಆ ಹುಡುಗನ ಕಥೆ ಅರ್ಧದಲ್ಲಿ ನಿಂತಿತು. ಮುಗಿಸುತ್ತೇವೆ. ಅಜ್ಜಿಯ ಮಾತು ಕೇಳಿದ ನಾವು ಅಂದೇ ಅವನ ಕೋಣೆಯ ಬಾಗಿಲಲ್ಲಿ ನಿಂತು, ತಪ್ಪು ನಮ್ಮದೆಂದು ಹೇಳಿದೆವು. ಅವನು ಉತ್ತರ ಕೊಡಲಿಲ್ಲ. ಅಜ್ಜಿ ಮೂರು ವಾರ ಅವನೊಡನೆ ಮನೆಯಲ್ಲೇ ಬಲೂನು ಆಡಿದರು, ಆಮೇಲೆ ತಾವೇ ಹೊಲಿದ ಬಟ್ಟೆಯ ಚೆಂಡು. ನಾಲ್ಕನೆಯ ಭಾನುವಾರ ಅಜ್ಜಿಯ ಸೆರಗು ಹಿಡಿದು ಬಂದ. ಬಣ್ಣದ ಚುಕ್ಕೆಯ ಚೆಂಡು ಎಸೆದೆವು. ಹತ್ತರಲ್ಲಿ ಎರಡು ಹಿಡಿದ. ನಾವು ಭೇಷ್ ಎನ್ನಲಿಲ್ಲ; “ಕೆಂಪು ಚುಕ್ಕೆ ಕಂಡಾಗಲೆಲ್ಲ ಹಿಡಿದೆ, ನೋಡಿದೆಯಾ?” ಎಂದೆವು. ಅವನು ಯೋಚಿಸಿ ತಲೆಯಾಡಿಸಿದ. ಅವನು ದೊಡ್ಡ ಆಟಗಾರನಾಗಿಲ್ಲ, ಆಗಬೇಕಾಗಿಯೂ ಇಲ್ಲ. ಈಗಲೂ ಚೆಂಡು ಬಿಡುತ್ತಾನೆ. ಬಿಟ್ಟು, ತಾನೇ ಹೆಕ್ಕಿ, ಮತ್ತೆ ಎಸೆಯುತ್ತಾನೆ. ಆದರೆ ಮೊನ್ನೆ ಹೊಸದಾಗಿ ಬಂದ ನಾಲ್ಕು ವರ್ಷದ ಒಬ್ಬ ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, “ಚುಕ್ಕಿ ನೋಡು, ಅಷ್ಟ ಸಾಕು” ಎಂದು ಅವನು ಹೇಳಿದ್ದನ್ನು ನಾವು ಕಿವಿಯಾರ ಕೇಳಿದೆವು. ಒಂದೇ ಮಾತು, ಚೆಂಡಿನ ಮಾತು. ಅದೂ ಅಜ್ಜಿಯ ಕನ್ನಡದಲ್ಲಿ.

ಮನೆಗೆ ಹಿಂದಿರುಗುವಾಗ ನಮಗೊಂದು ವಿಚಾರ ಹೊಳೆಯಿತು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡದ ವಾಕ್ಯವೊಂದನ್ನು ತಡವರಿಸುತ್ತ ಆಡಿ, ನಡುವೆ ಹಿಂದಿ ಸೇರಿಸಿ, ಲಿಂಗ ವಚನ ತಪ್ಪಿದಾಗ ನಾವೇನು ಮಾಡುತ್ತೇವೆ? ನಗುತ್ತೇವೆ. ಊರಿಗೆ ಹೋದಾಗ ನೆಂಟರ ಮುಂದೆ ಅದನ್ನು ಹೇಳಿಸಿ ಇನ್ನೊಮ್ಮೆ ನಗುತ್ತೇವೆ. ಮಗುವೂ ನಮ್ಮೊಡನೆ ನಗುತ್ತದೆ, ಆ ಹುಡುಗ ನಕ್ಕಂತೆ. ಆಮೇಲೆ ಅದು ಹಿಂದಿಯಲ್ಲಿಯೇ ಉತ್ತರ ಕೊಡತೊಡಗುತ್ತದೆ. ನಾವು ‘ಈಗಿನ ಮಕ್ಕಳಿಗೆ ಕನ್ನಡದ ಅಭಿಮಾನವಿಲ್ಲ’ ಎಂದು ರಾಜ್ಯೋತ್ಸವದಲ್ಲಿ ಭಾಷಣ ಮಾಡುತ್ತೇವೆ. ಕಾರ್ಯದರ್ಶಿಗಳು ಚೆಂಡಾಟದ ವಿಷಯಕ್ಕೆ ಒಪ್ಪಿಗೆ ಕೊಟ್ಟದ್ದು ವ್ಯರ್ಥವಾಗಲಿಲ್ಲವೆಂದು ತಾವು ಈಗ ಒಪ್ಪುವಿರೆಂದು ನಂಬುತ್ತೇವೆ.

ಮುಂದಿನ ಭಾನುವಾರ, ಗಾಳಿ ಚೆನ್ನಾಗಿದ್ದರೆ, ಬೆಳಗ್ಗೆ ಎಂಟಕ್ಕೆ ಉದ್ಯಾನದಲ್ಲಿ ಸೇರೋಣ. ಹಳೆಯ ಕಾಲುಚೀಲಗಳಿದ್ದರೆ ತನ್ನಿರಿ. ಅಜ್ಜಿಯರನ್ನು ತಪ್ಪದೆ ಕರೆತನ್ನಿರಿ.